ಪರವಾನಗಿ ರಕ್ಷಣೆ (ಭಾರತದ ಕಾನೂನು)

ಪರವಾನಗಿ ರಕ್ಷಣೆ ಎಂಬುದು ವೃತ್ತಿ ಅಥವಾ ವ್ಯಾಪಾರ ನಡೆಸಲು ಅಗತ್ಯವಾದ ಪರವಾನಗಿ, ನೋಂದಣಿ ಅಥವಾ ಸನ್ನದನ್ನು ನಿರಾಕರಿಸುವ, ನವೀಕರಿಸದಿರುವ, ಅಮಾನತುಗೊಳಿಸುವ ಇಲ್ಲವೇ ರದ್ದುಪಡಿಸುವ ಕ್ರಮದ ವಿರುದ್ಧ ಬಾಧಿತ ವ್ಯಕ್ತಿಗೆ ಲಭ್ಯವಿರುವ ಕಾನೂನು ಪರಿಹಾರಗಳ ಒಟ್ಟು ಹೆಸರು. ವಕೀಲರು, ವೈದ್ಯರು, ಲೆಕ್ಕಪರಿಶೋಧಕರು, ಔಷಧ ವ್ಯಾಪಾರಿಗಳು, ಹೋಟೆಲು ಮಾಲೀಕರು, ಮದ್ಯದ ಸನ್ನದುದಾರರು, ಬೀದಿ ಬದಿ ವ್ಯಾಪಾರಿಗಳು ಇವರೆಲ್ಲರೂ ಬೇರೆ ಬೇರೆ ಕಾಯ್ದೆಗಳ ಅಧೀನದಲ್ಲಿದ್ದಾರೆ. ಭಾರತದಲ್ಲಿ ಈ ವಿಷಯವನ್ನು ಕುರಿತ ಏಕರೂಪದ ಕಾಯ್ದೆ ಇಲ್ಲ. ಆಯಾ ಕಾಯ್ದೆಯ ನಿಯಮಗಳು, ಸಂವಿಧಾನದ 14, 19 ಮತ್ತು 21ನೆಯ ಅನುಚ್ಛೇದಗಳು ಹಾಗೂ ನ್ಯಾಯಾಲಯಗಳು ರೂಪಿಸಿದ ಸಹಜ ನ್ಯಾಯ ತತ್ವಗಳು ಸೇರಿ ಈ ರಕ್ಷಣೆಯ ಚೌಕಟ್ಟನ್ನು ನಿರ್ಮಿಸಿವೆ.

ಸಾಂವಿಧಾನಿಕ ಹಿನ್ನೆಲೆ

ಸಂವಿಧಾನದ 19(1)(ಜಿ) ಅನುಚ್ಛೇದವು ಪ್ರತಿಯೊಬ್ಬ ನಾಗರಿಕನಿಗೂ ತನಗೆ ಬೇಕಾದ ವೃತ್ತಿ, ಉದ್ಯೋಗ ಅಥವಾ ವ್ಯಾಪಾರವನ್ನು ನಡೆಸುವ ಹಕ್ಕನ್ನು ನೀಡುತ್ತದೆ. ಈ ಹಕ್ಕು ನಿರಪೇಕ್ಷವಲ್ಲ. 19(6)ನೆಯ ಉಪಬಂಧವು ಸಾರ್ವಜನಿಕ ಹಿತದೃಷ್ಟಿಯಿಂದ ಯುಕ್ತ ನಿರ್ಬಂಧಗಳನ್ನು ಹೇರಲು ಮತ್ತು ವೃತ್ತಿಗೆ ಬೇಕಾದ ವಿದ್ಯಾರ್ಹತೆಗಳನ್ನು ಗೊತ್ತುಪಡಿಸಲು ರಾಜ್ಯಕ್ಕೆ ಅವಕಾಶ ಕೊಟ್ಟಿದೆ. ಪರವಾನಗಿ ಪದ್ಧತಿಯ ಬುಡ ಇರುವುದು ಇಲ್ಲಿಯೇ. 1985ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವನೋಪಾಯದ ಹಕ್ಕು 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ಹೇಳಿದ ಮೇಲೆ, ಪರವಾನಗಿ ಕಳೆದುಕೊಳ್ಳುವುದು ಕೇವಲ ಆಡಳಿತಾತ್ಮಕ ಸಂಗತಿಯಾಗಿ ಉಳಿಯಲಿಲ್ಲ.

ಎಲ್ಲ ವ್ಯಾಪಾರಗಳಿಗೂ ಒಂದೇ ಮಟ್ಟದ ರಕ್ಷಣೆ ದೊರೆಯುವುದಿಲ್ಲ. ಖೋಡೆ ಡಿಸ್ಟಿಲರೀಸ್ ವಿರುದ್ಧ ಕರ್ನಾಟಕ ರಾಜ್ಯ (1995) ಪ್ರಕರಣದಲ್ಲಿ ಮದ್ಯದ ವ್ಯಾಪಾರ ಮಾಡಲು ಯಾರಿಗೂ ಮೂಲಭೂತ ಹಕ್ಕು ಇಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆದರೆ ಮೂಲಭೂತ ಹಕ್ಕು ಇಲ್ಲ ಎಂದ ಮಾತ್ರಕ್ಕೆ ಅಧಿಕಾರಿಯು ಮನಬಂದಂತೆ ಸನ್ನದು ಕಿತ್ತುಕೊಳ್ಳಬಹುದು ಎಂದು ಅರ್ಥವಲ್ಲ. ಒಮ್ಮೆ ಸನ್ನದು ಕೊಟ್ಟ ಬಳಿಕ ಅದನ್ನು ಹಿಂಪಡೆಯುವ ವಿಧಾನಕ್ಕೆ 14ನೆಯ ಅನುಚ್ಛೇದದ ಸಮಾನತೆಯ ತತ್ವ ಅನ್ವಯಿಸುತ್ತದೆ. ಈ ಎರಡು ಮಾತುಗಳನ್ನು ಒಂದೇ ಎಂದು ಭಾವಿಸುವುದು ಪರವಾನಗಿ ವ್ಯಾಜ್ಯಗಳಲ್ಲಿ ಕಂಡುಬರುವ ಸಾಮಾನ್ಯ ತಪ್ಪು.

ನಿರಾಕರಣೆ, ನವೀಕರಣ ಮತ್ತು ರದ್ದತಿ

ಹೊಸ ಅರ್ಜಿದಾರನಿಗಿಂತ ಪರವಾನಗಿ ಪಡೆದಿರುವವನ ಸ್ಥಾನ ಬಲವಾದದ್ದು. ಇಂಗ್ಲೆಂಡಿನ ಮ್ಯಾಕ್‌ಇನ್ನೆಸ್ ವಿರುದ್ಧ ಆನ್ಸ್‌ಲೋ-ಫೇನ್ (1978) ಪ್ರಕರಣದಲ್ಲಿ ನ್ಯಾಯಾಧೀಶ ಮೆಗಾರಿ ಅವರು ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಇರುವ ಹಕ್ಕನ್ನು ಕಸಿಯುವುದು ಮೊದಲನೆಯದು. ಹೊಸದಾಗಿ ಕೇಳಿದ್ದನ್ನು ಕೊಡದಿರುವುದು ಎರಡನೆಯದು. ನವೀಕರಣದಂತಹ, ಸಿಕ್ಕೇ ಸಿಗುತ್ತದೆ ಎಂಬ ಸಹಜ ನಿರೀಕ್ಷೆಯಿರುವ ಸಂದರ್ಭ ಮೂರನೆಯದು. ಆ ಪ್ರಕರಣ ಮುಷ್ಟಿಯುದ್ಧ ಪಟುಗಳ ವ್ಯವಸ್ಥಾಪಕನಾಗಲು ಬೇಕಾದ ಪರವಾನಗಿಯ ಕುರಿತಾದದ್ದಾದರೂ ಅದರ ವಿಂಗಡಣೆ ಭಾರತದ ನ್ಯಾಯಾಲಯಗಳಲ್ಲಿಯೂ ಬಳಕೆಗೆ ಬಂದಿದೆ.

ನಿರಾಕರಣೆಯ ಸಂದರ್ಭದಲ್ಲಿ ಅರ್ಜಿದಾರನು ಕಾಯ್ದೆಯ ಅರ್ಹತೆಗಳನ್ನು ತಾನು ಪೂರೈಸಿರುವುದಾಗಿ ತೋರಿಸಬೇಕು. ರದ್ದತಿಯ ಸಂದರ್ಭದಲ್ಲಿ ಈ ಭಾರ ಬಹುಮಟ್ಟಿಗೆ ತಿರುವುಮುರುವಾಗುತ್ತದೆ. ಪರವಾನಗಿದಾರನು ಯಾವ ಷರತ್ತನ್ನು ಮುರಿದನು ಎಂಬುದನ್ನು ಪ್ರಾಧಿಕಾರವೇ ಸಾಬೀತುಪಡಿಸಬೇಕು. ಕೆಲವೊಮ್ಮೆ ಅಧಿಕಾರಿಯು ಅರ್ಜಿಯನ್ನು ನಿರಾಕರಿಸುವುದೂ ಇಲ್ಲ, ಮಂಜೂರು ಮಾಡುವುದೂ ಇಲ್ಲ. ಇಂತಹ ವಿಳಂಬಕ್ಕೆ ಕರ್ನಾಟಕದಲ್ಲಿ 2011ರ ಸಕಾಲ ಸೇವೆಗಳ ಕಾಯ್ದೆಯ ಅಡಿಯಲ್ಲಿ ಪರಿಹಾರವಿದೆ. ಅಧಿಸೂಚಿತ ಸೇವೆಗಳು ನಿಗದಿತ ದಿನಗಳೊಳಗೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಅಲ್ಪವಾದರೂ ಅರ್ಜಿ ಎಲ್ಲಿ ನಿಂತಿದೆ ಎಂಬುದಕ್ಕೆ ದಾಖಲೆ ಸಿಗುವುದು ಇದರ ನಿಜವಾದ ಪ್ರಯೋಜನ.

ಕಾರಣ ಕೇಳುವ ನೋಟಿಸ್

ಪರವಾನಗಿಯ ವಿರುದ್ಧದ ಕ್ರಮವು ಸಾಮಾನ್ಯವಾಗಿ ಕಾರಣ ಕೇಳುವ ನೋಟಿಸಿನಿಂದ ಆರಂಭವಾಗುತ್ತದೆ. ನೋಟಿಸಿನಲ್ಲಿ ಆರೋಪವೇನು, ಅದಕ್ಕೆ ಆಧಾರವೇನು, ಯಾವ ನಿಯಮ ಉಲ್ಲಂಘನೆಯಾಗಿದೆ ಮತ್ತು ಯಾವ ಕ್ರಮವನ್ನು ಕೈಗೊಳ್ಳಲು ಉದ್ದೇಶಿಸಲಾಗಿದೆ ಎಂಬ ವಿವರ ಇರಬೇಕು. ಗೂರ್ಖಾ ಸೆಕ್ಯುರಿಟಿ ಸರ್ವಿಸಸ್ (2014) ಪ್ರಕರಣದಲ್ಲಿ ಗುತ್ತಿಗೆದಾರ ಸಂಸ್ಥೆಯೊಂದನ್ನು ಕಪ್ಪುಪಟ್ಟಿಗೆ ಸೇರಿಸಲಾಗಿತ್ತು. ಉದ್ದೇಶಿತ ಕ್ರಮ ಯಾವುದೆಂಬುದು ನೋಟಿಸಿನಿಂದ ತಿಳಿಯುವಂತಿರಬೇಕು ಎಂದು ಹೇಳಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಲಿಲ್ಲ. ದಂಡ ಬರಬಹುದೆಂದು ಭಾವಿಸಿ ಎರಡು ಸಾಲಿನ ಉತ್ತರ ಕೊಟ್ಟವನಿಗೆ ಪರವಾನಗಿಯೇ ಹೋಗುವುದು ನ್ಯಾಯವಲ್ಲ ಎಂಬುದು ಇದರ ಹಿಂದಿನ ತರ್ಕ.

ನೋಟಿಸಿನ ಭಾಷೆಯೂ ಮುಖ್ಯ. ಓರಿಕ್ಸ್ ಫಿಶರೀಸ್ ವಿರುದ್ಧ ಭಾರತ ಒಕ್ಕೂಟ (2010) ಪ್ರಕರಣ ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖವಾಗುವ ತೀರ್ಪು. ಶೈತ್ಯೀಕರಿಸಿದ ಮೀನನ್ನು ರಫ್ತು ಮಾಡುತ್ತಿದ್ದ ಕಂಪನಿಯ ಸರಕಿನ ಗುಣಮಟ್ಟದ ಬಗ್ಗೆ ಶಾರ್ಜಾದ ಖರೀದಿದಾರರು ದೂರು ನೀಡಿದರು. ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು ಕಳುಹಿಸಿದ ನೋಟಿಸಿನಲ್ಲಿ, ಕಂಪನಿಯು ದೋಷಪೂರಿತ ಸರಕು ಕಳುಹಿಸಿರುವುದು ಸಂದೇಹಾತೀತವಾಗಿ ಸಾಬೀತಾಗಿದೆ ಎಂಬ ಅರ್ಥದ ಮಾತುಗಳಿದ್ದವು. ಅದೇ ನೋಟಿಸಿನಲ್ಲಿ ನೋಂದಣಿಯನ್ನು ಏಕೆ ರದ್ದುಪಡಿಸಬಾರದು ಎಂದೂ ಕೇಳಲಾಗಿತ್ತು. ತೀರ್ಮಾನ ಮೊದಲು, ವಿಚಾರಣೆ ಆಮೇಲೆ ಎಂಬ ಈ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ನೋಟಿಸ್ ಕೊಡುವ ಹಂತದಲ್ಲಿ ಅಧಿಕಾರಿಯ ಮನಸ್ಸು ತೆರೆದಿರಬೇಕು, ಉತ್ತರ ಕೊಡುವುದು ಪೊಳ್ಳು ವಿಧಿಯಾಗಬಾರದು ಎಂದು ಹೇಳಿ, ನೋಟಿಸ್, ರದ್ದತಿ ಆದೇಶ ಮತ್ತು ಮೇಲ್ಮನವಿ ಆದೇಶ ಮೂರನ್ನೂ ರದ್ದುಪಡಿಸಿತು. ಮೂಲ ಆದೇಶದಲ್ಲಿ ಇಲ್ಲದ ಕಾರಣಗಳನ್ನು ಮೇಲ್ಮನವಿ ಪ್ರಾಧಿಕಾರವು ಬರೆದರೂ ಮೊದಲ ಹಂತದ ದೋಷ ವಾಸಿಯಾಗದು ಎಂಬುದು ಈ ತೀರ್ಪಿನ ಇನ್ನೊಂದು ಅಂಶ.

ನೋಟಿಸ್ ಬಂದೊಡನೆ ಉಚ್ಚ ನ್ಯಾಯಾಲಯಕ್ಕೆ ಹೋಗುವುದರಿಂದ ಸಾಮಾನ್ಯವಾಗಿ ಫಲವಿಲ್ಲ. ನೋಟಿಸ್ ಮಾತ್ರದಿಂದ ಯಾರ ಹಕ್ಕಿಗೂ ಧಕ್ಕೆಯಾಗುವುದಿಲ್ಲ ಎಂಬ ಕಾರಣಕ್ಕೆ ಇಂತಹ ರಿಟ್ ಅರ್ಜಿಗಳನ್ನು ನ್ಯಾಯಾಲಯಗಳು ಬಹುತೇಕ ವಜಾಗೊಳಿಸುತ್ತವೆ. ಅಧಿಕಾರವ್ಯಾಪ್ತಿಯೇ ಇಲ್ಲದ ಅಧಿಕಾರಿ ನೋಟಿಸ್ ಕೊಟ್ಟಿದ್ದರೆ ಅಥವಾ ಓರಿಕ್ಸ್ ಪ್ರಕರಣದಂತೆ ಪೂರ್ವನಿರ್ಧಾರ ಎದ್ದು ಕಾಣುತ್ತಿದ್ದರೆ ಮಾತ್ರ ಅಪವಾದ. ಆದ್ದರಿಂದ ನಿಗದಿತ ದಿನದೊಳಗೆ ಲಿಖಿತ ಉತ್ತರ ಸಲ್ಲಿಸುವುದೇ ರಕ್ಷಣೆಯ ಮೊದಲ ಹೆಜ್ಜೆ. ದಾಖಲೆಗಳು ಇನ್ನೂ ಕೈಸೇರದಿದ್ದರೆ ಅವುಗಳ ಪ್ರತಿಯನ್ನೂ ಹೆಚ್ಚಿನ ಕಾಲಾವಕಾಶವನ್ನೂ ಬರಹದಲ್ಲಿ ಕೇಳಿಕೊಳ್ಳುವುದು ರೂಢಿ. ಉತ್ತರವನ್ನೇ ಕೊಡದೆ ಮುಂದೆ ಸಹಜ ನ್ಯಾಯದ ಉಲ್ಲಂಘನೆಯಾಯಿತೆಂದು ವಾದಿಸುವವರ ನಿಲುವು ದುರ್ಬಲವಾಗುತ್ತದೆ. ವಿಧಾನದ ಲೋಪದಿಂದ ತನಗೆ ನಿಜವಾಗಿ ಬಾಧೆಯಾಗಿದೆ ಎಂಬುದನ್ನು ಬಾಧಿತನು ತೋರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ.

ದಾಖಲೆಗಳ ಹಂಚಿಕೆ ಮತ್ತು ವಿಚಾರಣೆ

ಯಾವ ವರದಿಯನ್ನು ನಂಬಿ ಕ್ರಮ ಕೈಗೊಳ್ಳಲಾಗುತ್ತದೆಯೋ ಆ ವರದಿಯನ್ನು ನೋಡುವ ಅವಕಾಶ ಪರವಾನಗಿದಾರನಿಗೆ ಇರಬೇಕು. ಭಾರತೀಯ ಷೇರು ನಿಯಂತ್ರಣ ಮಂಡಳಿಗೆ ಸಂಬಂಧಿಸಿದ ಟಿ. ಟಕಾನೊ (2022) ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತನಿಖಾ ವರದಿಯ ಪ್ರಸ್ತುತ ಭಾಗಗಳನ್ನು ಬಹಿರಂಗಪಡಿಸುವುದು ಪ್ರಾಧಿಕಾರದ ಕರ್ತವ್ಯ ಎಂದಿತು.

ಈ ತತ್ವ ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾದದ್ದು ಮಲಯಾಳಂ ಸುದ್ದಿವಾಹಿನಿ ಮೀಡಿಯಾವನ್ ಪ್ರಕರಣದಲ್ಲಿ. 2011ರಲ್ಲಿ ಹತ್ತು ವರ್ಷಗಳಿಗೆ ಅನುಮತಿ ಪಡೆದಿದ್ದ ವಾಹಿನಿಯ ನವೀಕರಣಕ್ಕೆ ಕೇಂದ್ರ ಗೃಹ ಸಚಿವಾಲಯ ಭದ್ರತಾ ಅನುಮೋದನೆ ನೀಡಲಿಲ್ಲ. 2022ರ ಜನವರಿ 31ರಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅನುಮತಿಯನ್ನು ಹಿಂಪಡೆಯಿತು. ಕಾರಣಗಳನ್ನು ವಾಹಿನಿಗೆ ತಿಳಿಸದೆ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಮಾತ್ರ ಸಲ್ಲಿಸಲಾಯಿತು. ಕೇರಳ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಮತ್ತು ವಿಭಾಗೀಯ ಪೀಠ ಎರಡೂ ಸರ್ಕಾರದ ಕ್ರಮವನ್ನು ಒಪ್ಪಿಕೊಂಡವು. 2023ರ ಏಪ್ರಿಲ್ 5ರಂದು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಪೀಠ ಆ ತೀರ್ಪುಗಳನ್ನು ತಳ್ಳಿಹಾಕಿತು. ರಾಷ್ಟ್ರೀಯ ಭದ್ರತೆ ಎಂಬ ಪದವನ್ನು ಉಚ್ಚರಿಸಿದ ಮಾತ್ರಕ್ಕೆ ಸಹಜ ನ್ಯಾಯವನ್ನು ಪೂರ್ಣವಾಗಿ ಬದಿಗಿಡಲಾಗದು, ಗೌಪ್ಯತೆಯ ಅಗತ್ಯವನ್ನು ಸರ್ಕಾರ ಸಮರ್ಥಿಸಿಕೊಳ್ಳಬೇಕು ಎಂಬುದು ಪೀಠದ ನಿಲುವು. ಸರ್ಕಾರದ ನೀತಿಗಳನ್ನು ಟೀಕಿಸುವುದು ಅನುಮತಿ ನಿರಾಕರಣೆಗೆ ಕಾರಣವಾಗದು ಎಂದೂ ತೀರ್ಪು ಹೇಳಿತು.

ವಿಚಾರಣೆಯಲ್ಲಿ ಸಾಕ್ಷಿಗಳಿಗೆ ಪಾಟೀಸವಾಲು ಹಾಕುವ ಹಕ್ಕು ಎಲ್ಲ ಸಂದರ್ಭಗಳಲ್ಲಿಯೂ ಇರುವುದಿಲ್ಲ. ಆರೋಪ ಒಬ್ಬ ವ್ಯಕ್ತಿಯ ಮಾತಿನ ಮೇಲೆಯೇ ನಿಂತಿದ್ದಾಗ ಅದನ್ನು ನಿರಾಕರಿಸುವುದು ಕಷ್ಟ. ದಾಖಲೆಗಳೇ ಸಾಕ್ಷ್ಯವಾದಾಗ ಲಿಖಿತ ವಾದ ಸಾಕಾಗಬಹುದು. ವಕೀಲರ ಮೂಲಕ ಹಾಜರಾಗುವ ವಿಚಾರದಲ್ಲಿ, 1961ರ ವಕೀಲರ ಕಾಯ್ದೆಯ 30ನೆಯ ಪ್ರಕರಣವು ಅರ್ಧ ಶತಮಾನ ಕಾಗದದ ಮೇಲೆ ಮಾತ್ರ ಇದ್ದು 2011ರ ಜೂನ್ 15ರಂದು ಜಾರಿಗೆ ಬಂದಿತು. ಅದರಂತೆ ಸಾಕ್ಷ್ಯ ಪಡೆಯಲು ಕಾನೂನುಬದ್ಧ ಅಧಿಕಾರವಿರುವ ಯಾವುದೇ ನ್ಯಾಯಾಧಿಕರಣ ಅಥವಾ ವ್ಯಕ್ತಿಯ ಮುಂದೆ ವಕೀಲರು ವಾದಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯು ಅರೆನ್ಯಾಯಿಕ ಪ್ರಾಧಿಕಾರಗಳನ್ನೂ ನ್ಯಾಯಾಲಯದ ವ್ಯಾಖ್ಯೆಯೊಳಗೆ ತಂದಿದೆ. ಆದ್ದರಿಂದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಸೇರಿದಂತೆ ಅರ್ಹರು ಇಂತಹ ವಿಚಾರಣೆಗಳಲ್ಲಿಯೂ ಉಚಿತ ಕಾನೂನು ನೆರವು ಕೋರಬಹುದು. ಈ ಸೌಲಭ್ಯವನ್ನು ಬಲ್ಲವರು ಕಡಿಮೆ.

ಸಕಾರಣ ಆದೇಶ

ಅಂತಿಮ ಆದೇಶದಲ್ಲಿ ಕಾರಣಗಳಿರಬೇಕು ಮತ್ತು ಅದನ್ನು ಕಾನೂನು ಯಾರಿಗೆ ಅಧಿಕಾರ ಕೊಟ್ಟಿದೆಯೋ ಅವರೇ ಮಾಡಿರಬೇಕು. ಈ ಎರಡನೆಯ ಅಂಶಕ್ಕೆ ಹಳೆಯ ನಿದರ್ಶನ ಮುಂಬಯಿಯ ಪೊಲೀಸ್ ಆಯುಕ್ತ ವಿರುದ್ಧ ಗೋರ್ಧನದಾಸ್ ಭಾನ್‌ಜಿ ಪ್ರಕರಣ (1951). ಅಂಧೇರಿಯಲ್ಲಿ ಚಿತ್ರಮಂದಿರ ಕಟ್ಟಲು ಪೊಲೀಸ್ ಆಯುಕ್ತರು ಕೊಟ್ಟಿದ್ದ ಅನುಮತಿಯು ಸರ್ಕಾರದ ನಿರ್ದೇಶನದ ಮೇರೆಗೆ ರದ್ದಾಗಿದೆ ಎಂಬ ಪತ್ರ ಬಂದಿತ್ತು. ರದ್ದುಪಡಿಸುವ ಅಧಿಕಾರ ಇದ್ದದ್ದು ಆಯುಕ್ತರಿಗೆ. ಅವರು ಸರ್ಕಾರದ ತೀರ್ಮಾನವನ್ನು ತಲುಪಿಸಿದರಷ್ಟೇ, ತಾವಾಗಿ ತೀರ್ಮಾನಿಸಲಿಲ್ಲ ಎಂದು ನ್ಯಾಯಾಲಯ ಹೇಳಿತು. ತಮ್ಮ ಮನಸ್ಸಿನಲ್ಲಿ ಏನಿತ್ತೆಂದು ಅಧಿಕಾರಿಯು ಮುಂದೆ ಕೊಡುವ ವಿವರಣೆಯಿಂದ ಆದೇಶವನ್ನು ಅರ್ಥೈಸಲಾಗದು ಎಂಬ ಸೂತ್ರವೂ ಇಲ್ಲಿಯದೇ. 1978ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಇದು ಮತ್ತಷ್ಟು ಗಟ್ಟಿಯಾಯಿತು: ಆದೇಶದ ಸಿಂಧುತ್ವವನ್ನು ಅದರಲ್ಲಿ ಬರೆದಿರುವ ಕಾರಣಗಳಿಂದಲೇ ಅಳೆಯಬೇಕು, ನ್ಯಾಯಾಲಯದಲ್ಲಿ ಸಲ್ಲಿಸುವ ಪ್ರಮಾಣಪತ್ರದ ಮೂಲಕ ಹೊಸ ಕಾರಣ ಸೇರಿಸಲಾಗದು.

ಮಹಾಬೀರ್ ಪ್ರಸಾದ್ ಸಂತೋಷ್ ಕುಮಾರ್ ವಿರುದ್ಧ ಉತ್ತರ ಪ್ರದೇಶ ರಾಜ್ಯ (1970) ಪ್ರಕರಣದಲ್ಲಿ ಸಕ್ಕರೆ ವ್ಯಾಪಾರಿಗಳ ಪರವಾನಗಿಯನ್ನು ಜಿಲ್ಲಾ ದಂಡಾಧಿಕಾರಿ ರದ್ದುಪಡಿಸಿದ್ದರು. ರಾಜ್ಯ ಸರ್ಕಾರ ಕಾರಣ ಬರೆಯದೆಯೇ ಮೇಲ್ಮನವಿಯನ್ನು ತಳ್ಳಿಹಾಕಿತ್ತು. ಕಾರಣ ದಾಖಲಿಸುವುದರಿಂದ ತೀರ್ಮಾನವು ಹುಚ್ಚಾಟದ ಫಲವಲ್ಲ ಎಂಬ ಖಾತರಿ ಸಿಗುತ್ತದೆ ಎಂಬ ಅಭಿಪ್ರಾಯದೊಂದಿಗೆ ಸರ್ವೋಚ್ಚ ನ್ಯಾಯಾಲಯ ಆ ಆದೇಶಗಳನ್ನು ರದ್ದುಪಡಿಸಿತು.

ವಕೀಲರ ಸನ್ನದು

ವಕೀಲರ ನೋಂದಣಿ ಮತ್ತು ಶಿಸ್ತು 1961ರ ವಕೀಲರ ಕಾಯ್ದೆಗೆ ಒಳಪಟ್ಟಿವೆ. ನೈತಿಕ ಅಧಃಪತನವನ್ನು ಒಳಗೊಂಡ ಅಪರಾಧಕ್ಕೆ ಶಿಕ್ಷೆಯಾದವರನ್ನು 24ಎ ಪ್ರಕರಣ ಅನರ್ಹಗೊಳಿಸುತ್ತದೆ. ಬಿಡುಗಡೆಯಾಗಿ ಎರಡು ವರ್ಷಗಳ ನಂತರ ಈ ಅನರ್ಹತೆ ಕೊನೆಗೊಳ್ಳುತ್ತದೆ. ರಾಜ್ಯ ವಕೀಲರ ಪರಿಷತ್ತು ಅರ್ಜಿಯೊಂದನ್ನು ನಿರಾಕರಿಸಲು ಬಯಸಿದರೆ ಕಾರಣಗಳೊಡನೆ ಭಾರತೀಯ ವಕೀಲರ ಪರಿಷತ್ತಿನ ಅಭಿಪ್ರಾಯ ಪಡೆಯಬೇಕು. ಪ್ರವೇಶದ ಬಾಗಿಲಲ್ಲಿಯೇ ಹಾಕುವ ಅಡ್ಡಿಗಳೂ ಪ್ರಶ್ನೆಗೆ ಒಳಗಾಗಿವೆ. 45 ವರ್ಷ ದಾಟಿದವರನ್ನು ನೋಂದಾಯಿಸಬಾರದೆಂಬ ನಿಯಮ 1995ರಲ್ಲಿ ಬಿದ್ದುಹೋಯಿತು. 2024ರ ಜುಲೈ 30ರ ಗೌರವ್ ಕುಮಾರ್ ತೀರ್ಪಿನಲ್ಲಿ, ಕಾಯ್ದೆ ಗೊತ್ತುಪಡಿಸಿದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ ಮೀರಿ ನೋಂದಣಿ ಶುಲ್ಕ ವಸೂಲು ಮಾಡುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಅದಕ್ಕೆ ಮೊದಲು ರಾಜ್ಯ ಪರಿಷತ್ತುಗಳು ಹಲವು ಸಾವಿರ ರೂಪಾಯಿ ಪಡೆಯುತ್ತಿದ್ದವು.

ವೃತ್ತಿ ದುರ್ನಡತೆಯ ದೂರು ಬಂದಾಗ ರಾಜ್ಯ ಪರಿಷತ್ತು ಮೊದಲು ಮೇಲ್ನೋಟಕ್ಕೆ ಪ್ರಕರಣವಿದೆಯೇ ಎಂದು ಪರಿಶೀಲಿಸಬೇಕು. ಬಂದ ದೂರನ್ನೆಲ್ಲ ಯಾಂತ್ರಿಕವಾಗಿ ಮುಂದೆ ಕಳುಹಿಸುವಂತಿಲ್ಲ. ನಂತರ ಮೂವರು ಸದಸ್ಯರ ಶಿಸ್ತು ಸಮಿತಿ ವಕೀಲರಿಗೂ ರಾಜ್ಯದ ಅಡ್ವೊಕೇಟ್ ಜನರಲ್ ಅವರಿಗೂ ನೋಟಿಸ್ ನೀಡಿ ವಿಚಾರಣೆ ನಡೆಸುತ್ತದೆ. ದೂರನ್ನು ವಜಾಗೊಳಿಸುವುದು, ಛೀಮಾರಿ ಹಾಕುವುದು, ನಿಗದಿತ ಅವಧಿಗೆ ಅಮಾನತುಗೊಳಿಸುವುದು ಅಥವಾ ವಕೀಲರ ಪಟ್ಟಿಯಿಂದ ಹೆಸರು ತೆಗೆಯುವುದು ಅದರ ಅಧಿಕಾರದಲ್ಲಿದೆ. ವಿಚಾರಣೆ ಒಂದು ವರ್ಷದಲ್ಲಿ ಮುಗಿಯದಿದ್ದರೆ 36ಬಿ ಪ್ರಕರಣದಂತೆ ಅದು ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ರಾಜ್ಯ ಸಮಿತಿಯ ಆದೇಶದ ಮೇಲೆ 60 ದಿನಗಳಲ್ಲಿ ಭಾರತೀಯ ಪರಿಷತ್ತಿಗೆ, ಅಲ್ಲಿಂದ ಮತ್ತೆ 60 ದಿನಗಳಲ್ಲಿ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಅಮಾನತಿಗೆ ತಡೆ ಸಿಗುವುದಿಲ್ಲ. 40ನೆಯ ಪ್ರಕರಣದಡಿ ಅದನ್ನು ಪ್ರತ್ಯೇಕವಾಗಿ ಕೋರಬೇಕು. ದೋಷಮುಕ್ತನಾದ ವಕೀಲನೂ ನಿಶ್ಚಿಂತನಾಗುವಂತಿಲ್ಲ, ಏಕೆಂದರೆ ರಾಜ್ಯ ಪರಿಷತ್ತು ಕೂಡ ಬಾಧಿತ ವ್ಯಕ್ತಿಯಾಗಿ ಮೇಲ್ಮನವಿ ಸಲ್ಲಿಸಬಹುದು ಎಂದು 1975ರ ದಾಭೋಲ್ಕರ್ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಈ ವಿಚಾರಣೆಗಳನ್ನು ಅರೆ ಅಪರಾಧಿಕ ಸ್ವರೂಪದವು ಎಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಸಾಮಾನ್ಯ ಸಿವಿಲ್ ದಾವೆಗಿಂತ ಹೆಚ್ಚಿನ ಮಟ್ಟದ ಪುರಾವೆ ಬೇಕು. ಸಲಹೆ ತಪ್ಪಾಗಿರುವುದು, ಮೊಕದ್ದಮೆ ಸೋತಿರುವುದು ದುರ್ನಡತೆಯಲ್ಲ. ಕಕ್ಷಿದಾರನ ಹಣವನ್ನು ತನ್ನದಾಗಿಸಿಕೊಳ್ಳುವುದು ದುರ್ನಡತೆ. ಇವೆರಡರ ನಡುವಿನ ಗಡಿಯಲ್ಲಿ ಬರುವ ನಿರ್ಲಕ್ಷ್ಯದ ಪ್ರಕರಣಗಳಲ್ಲಿಯೇ ಹೆಚ್ಚಿನ ವಾದ ನಡೆಯುತ್ತದೆ.

ಸನ್ನದನ್ನು ಕಿತ್ತುಕೊಳ್ಳಬಲ್ಲವರು ಯಾರು ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯವನ್ನೇ ಕಾಡಿತ್ತು. 1995ರಲ್ಲಿ ನ್ಯಾಯಾಂಗ ನಿಂದನೆಗಾಗಿ ಭಾರತೀಯ ವಕೀಲರ ಪರಿಷತ್ತಿನ ಆಗಿನ ಅಧ್ಯಕ್ಷರನ್ನು ಮೂರು ವರ್ಷಗಳ ಕಾಲ ವೃತ್ತಿಯಿಂದ ಅಮಾನತುಗೊಳಿಸಲಾಯಿತು. 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ವಕೀಲರ ಸಂಘದ ಅರ್ಜಿಯ ಮೇಲೆ ಸಂವಿಧಾನ ಪೀಠವು, ನಿಂದನೆಗೆ ಶಿಕ್ಷೆ ವಿಧಿಸುವ ಅಧಿಕಾರದಲ್ಲಿ ಸನ್ನದು ಅಮಾನತುಗೊಳಿಸುವ ಅಧಿಕಾರ ಸೇರಿಲ್ಲ, ಅದು ಕಾಯ್ದೆಯಂತೆ ವಕೀಲರ ಪರಿಷತ್ತುಗಳದ್ದು ಎಂದು ತನ್ನ ಹಿಂದಿನ ನಿಲುವನ್ನು ಬದಲಿಸಿತು. 2023ರಲ್ಲಿ ಇದೇ ತರ್ಕವನ್ನು ವೈದ್ಯರಿಗೂ ವಿಸ್ತರಿಸಲಾಯಿತು. ಅನಧಿಕೃತ ಕಟ್ಟಡವನ್ನು ತೆರವುಗೊಳಿಸದ ಕಾರಣಕ್ಕೆ ವೈದ್ಯರೊಬ್ಬರ ಪರವಾನಗಿಯನ್ನು ಕಲ್ಕತ್ತ ಉಚ್ಚ ನ್ಯಾಯಾಲಯ ನಿಂದನಾ ಪ್ರಕರಣದಲ್ಲಿ ಅಮಾನತುಗೊಳಿಸಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು.

ವೈದ್ಯರು ಮತ್ತು ಇತರ ವೃತ್ತಿಗಳು

ವೈದ್ಯರ ವಿರುದ್ಧದ ದೂರುಗಳನ್ನು ರಾಜ್ಯ ವೈದ್ಯಕೀಯ ಪರಿಷತ್ತುಗಳು ವಿಚಾರಿಸುತ್ತವೆ. ಕರ್ನಾಟಕದಲ್ಲಿ 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯಡಿ ಇರುವ ಕರ್ನಾಟಕ ವೈದ್ಯಕೀಯ ಪರಿಷತ್ತು ಈ ಕೆಲಸ ಮಾಡುತ್ತದೆ. 2002ರ ವೃತ್ತಿ ನಡತೆ ನಿಯಮಾವಳಿಯು ವೈದ್ಯರಿಗೆ ಖುದ್ದಾಗಿ ಅಥವಾ ವಕೀಲರ ಮೂಲಕ ಹೇಳಿಕೊಳ್ಳಲು ಅವಕಾಶ ನೀಡಿದ್ದು, ದೂರನ್ನು ಆರು ತಿಂಗಳೊಳಗೆ ತೀರ್ಮಾನಿಸಬೇಕೆನ್ನುತ್ತದೆ. 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿಯಲಾದ್ದರಿಂದ ಹಳೆಯ ನಿಯಮಗಳೇ ಮುಂದುವರಿದವು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೆಯ ಪ್ರಕರಣದಂತೆ ವೈದ್ಯರು ಮೊದಲು ನೀತಿ ಮತ್ತು ವೈದ್ಯಕೀಯ ನೋಂದಣಿ ಮಂಡಳಿಗೆ, ನಂತರ 60 ದಿನಗಳೊಳಗೆ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಈ ಪ್ರಕರಣ ಮೇಲ್ಮನವಿಯ ಹಕ್ಕನ್ನು ವೈದ್ಯರಿಗೆ ಮಾತ್ರ ಹೆಸರಿಸುತ್ತದೆ, ದೂರು ಕೊಟ್ಟ ರೋಗಿಗಳನ್ನು ಹೆಸರಿಸುವುದಿಲ್ಲ ಎಂಬುದು ಟೀಕೆಗೆ ಗುರಿಯಾಗಿದೆ. ಲೆಕ್ಕಪರಿಶೋಧಕರಿಗೆ 1949ರ ಕಾಯ್ದೆಯಡಿ ಪ್ರತ್ಯೇಕ ಶಿಸ್ತು ಸಮಿತಿ ಮತ್ತು ಮೇಲ್ಮನವಿ ಪ್ರಾಧಿಕಾರಗಳಿವೆ.

ವ್ಯಾಪಾರ ಪರವಾನಗಿಗಳು

ಔಷಧ ಅಂಗಡಿಗಳ ಪರವಾನಗಿಯನ್ನು 1945ರ ಔಷಧ ನಿಯಮಗಳ 66ನೆಯ ನಿಯಮದಂತೆ ಕಾರಣ ಕೇಳಿದ ನಂತರ, ಲಿಖಿತ ಕಾರಣಗಳೊಂದಿಗೆ ಮಾತ್ರ ಅಮಾನತುಗೊಳಿಸಬಹುದು ಅಥವಾ ರದ್ದುಪಡಿಸಬಹುದು. ಮೂರು ತಿಂಗಳೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬೇಕು. ತಪ್ಪು ನಡೆದದ್ದು ನೌಕರನಿಂದ, ಮಾಲೀಕನ ಪ್ರಚೋದನೆ ಅಥವಾ ಸಮ್ಮತಿ ಅದರಲ್ಲಿರಲಿಲ್ಲ ಎಂಬ ಸಮರ್ಥನೆಗೂ ಈ ನಿಯಮದಲ್ಲಿ ಎಡೆಯಿದೆ.

ಆಹಾರ ವ್ಯಾಪಾರಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 32ನೆಯ ಪ್ರಕರಣವು ಮೆಟ್ಟಿಲು ಮೆಟ್ಟಿಲಾದ ಕ್ರಮವನ್ನು ರೂಪಿಸಿದೆ. ಮೊದಲು ಕನಿಷ್ಠ 14 ದಿನಗಳ ಕಾಲಾವಕಾಶವಿರುವ ಸುಧಾರಣಾ ನೋಟಿಸ್, ಅದನ್ನು ಪಾಲಿಸದಿದ್ದರೆ ಅಮಾನತು, ಆಗಲೂ ಸರಿಪಡಿಸದಿದ್ದರೆ ಕಾರಣ ಕೇಳಿ ರದ್ದತಿ. ಸಾರ್ವಜನಿಕ ಆರೋಗ್ಯಕ್ಕೆ ಅಪಾಯವಿದ್ದಲ್ಲಿ ಕಾರಣ ಬರೆದು ತಕ್ಷಣ ಅಮಾನತುಗೊಳಿಸಬಹುದು. ಆಹಾರ ಸುರಕ್ಷತಾ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಲು ಇರುವುದು 15 ದಿನ ಮಾತ್ರ. ಅಡುಗೆಮನೆ ದುರಸ್ತಿಯ ಗಡಿಬಿಡಿಯಲ್ಲಿ ಈ ಅವಧಿ ಸುಲಭವಾಗಿ ಕಳೆದುಹೋಗುತ್ತದೆ. ಕರ್ನಾಟಕದಲ್ಲಿ ಮದ್ಯದ ಸನ್ನದುಗಳ ರದ್ದತಿ 1965ರ ಅಬಕಾರಿ ಕಾಯ್ದೆಗೆ ಒಳಪಟ್ಟಿದೆ. ಚಾಲನಾ ಪರವಾನಗಿಯನ್ನೇ ಜೀವನಾಧಾರವಾಗಿಸಿಕೊಂಡ ಚಾಲಕರಿಗೆ ಮೋಟಾರು ವಾಹನಗಳ ಕಾಯ್ದೆಯ 19ನೆಯ ಪ್ರಕರಣದಡಿ ವಿಚಾರಣೆಯ ಅವಕಾಶ ಮತ್ತು 30 ದಿನಗಳ ಮೇಲ್ಮನವಿ ಅವಧಿ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ತಳ್ಳುಗಾಡಿಯವರ ಪ್ರಮಾಣಪತ್ರವನ್ನು ಸಹ ಅವರ ಮಾತು ಕೇಳದೆ ರದ್ದುಪಡಿಸಬಾರದೆನ್ನುತ್ತದೆ.

ಶಿಕ್ಷೆಯ ಪ್ರಮಾಣ

ಆರೋಪ ಸಾಬೀತಾದ ಬಳಿಕವೂ ಶಿಕ್ಷೆಯು ತಪ್ಪಿಗೆ ತಕ್ಕಷ್ಟಿರಬೇಕು ಎಂದು ವಾದಿಸಬಹುದು. ಹಿಂದಿನ ನಡತೆ, ತಪ್ಪಿನ ಸ್ವರೂಪ, ನಷ್ಟ ತುಂಬಿಕೊಟ್ಟಿರುವುದು, ಲೋಪ ಸರಿಪಡಿಸಿರುವುದು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ತಮಿಳುನಾಡಿನ ವಕೀಲರೊಬ್ಬರಿಗೆ ಸಂಬಂಧಿಸಿದ ರಂಗದೊರೈ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ದುರ್ನಡತೆಯ ತೀರ್ಮಾನವನ್ನು ಉಳಿಸಿಕೊಂಡೇ ಅಮಾನತಿನ ಅವಧಿಯನ್ನು ಕಡಿತಗೊಳಿಸಿ, ಕಾನೂನು ನೆರವು ಸಂಸ್ಥೆಯ ಅಡಿಯಲ್ಲಿ ಬಡವರಿಗಾಗಿ ಕೆಲಸ ಮಾಡುವ ಷರತ್ತು ವಿಧಿಸಿದರು. ಆ ಮಾರ್ಗ ಅಪರೂಪದ್ದಾಗಿಯೇ ಉಳಿದಿದೆ.

ಮೇಲ್ಮನವಿ ಮತ್ತು ರಿಟ್ ಅರ್ಜಿ

ಕಾಯ್ದೆಯಲ್ಲಿ ಮೇಲ್ಮನವಿಯ ದಾರಿ ಇದ್ದಾಗ ಅದನ್ನು ಬಿಟ್ಟು 226ನೆಯ ಅನುಚ್ಛೇದದಡಿ ಉಚ್ಚ ನ್ಯಾಯಾಲಯಕ್ಕೆ ಬರುವುದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಪ್ರೋತ್ಸಾಹಿಸುವುದಿಲ್ಲ. ವರ್ಲ್‌ಪೂಲ್ ಕಾರ್ಪೊರೇಷನ್ (1998) ತೀರ್ಪು ಇದಕ್ಕೆ ಅಪವಾದಗಳನ್ನು ಗುರುತಿಸಿದೆ: ಮೂಲಭೂತ ಹಕ್ಕಿನ ಪ್ರಶ್ನೆ, ಸಹಜ ನ್ಯಾಯದ ಉಲ್ಲಂಘನೆ, ಅಧಿಕಾರವ್ಯಾಪ್ತಿಯ ಅಭಾವ ಮತ್ತು ಕಾನೂನಿನ ಸಿಂಧುತ್ವವನ್ನೇ ಪ್ರಶ್ನಿಸುವ ಸಂದರ್ಭ. ರಿಟ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಮರು ತೂಗುವುದಿಲ್ಲ. ತೀರ್ಮಾನಕ್ಕೆ ಬಂದ ವಿಧಾನ ಸರಿಯಿತ್ತೇ ಎಂಬುದನ್ನು ನೋಡಲಾಗುತ್ತದೆ. ಅರ್ಜಿದಾರ ಗೆದ್ದರೂ ಪರವಾನಗಿ ಕೈಗೆ ಬರುತ್ತದೆಂಬ ಭರವಸೆ ಇಲ್ಲ. ವಿಧಾನದ ದೋಷಕ್ಕಾಗಿ ಆದೇಶ ರದ್ದಾದಾಗ ಪ್ರಕರಣವು ಹೊಸ ವಿಚಾರಣೆಗಾಗಿ ಅದೇ ಪ್ರಾಧಿಕಾರಕ್ಕೆ ಮರಳುವುದೇ ಹೆಚ್ಚು. ಒಮ್ಮೆ ತೀರ್ಮಾನ ಕೈಗೊಂಡವರು ಅದನ್ನೇ ಎತ್ತಿಹಿಡಿಯಲು ಒಲವು ತೋರುತ್ತಾರೆ ಎಂಬುದನ್ನು ಕೆ. ಐ. ಶೆಫರ್ಡ್ (1987) ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಮನಿಸಿದೆ. ಆದ್ದರಿಂದ ಅರ್ಜಿ ಇತ್ಯರ್ಥವಾಗುವವರೆಗೆ ಅಂಗಡಿಯ ಬಾಗಿಲು ತೆರೆದಿರುವಂತೆ ಮಧ್ಯಂತರ ತಡೆಯಾಜ್ಞೆ ಪಡೆಯುವುದು ಅನೇಕ ವ್ಯಾಪಾರಿಗಳಿಗೆ ಅಂತಿಮ ತೀರ್ಪಿನಷ್ಟೇ ಮುಖ್ಯವಾಗುತ್ತದೆ. ಮೀಡಿಯಾವನ್ ವಾಹಿನಿಯು ಅಂತಿಮ ತೀರ್ಪಿಗೆ ಒಂದು ವರ್ಷ ಮೊದಲು, 2022ರ ಮಾರ್ಚ್ 15ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ಮಧ್ಯಂತರ ಆದೇಶದ ಬಲದಿಂದಲೇ ಪ್ರಸಾರವನ್ನು ಪುನರಾರಂಭಿಸಿತ್ತು.